ಜ್ವರ ಬಿಟ್ಟ ಮೇಲಿನ ಎರಡು ದಿನ

ಮಳೆಗಾಲ ಬಂತೆಂದರೆ ಡೆಂಗಿ ರೋಗಿಗಳ ವಾರ್ಡಿನಲ್ಲಿ ಒಂದೇ ಪ್ರಶ್ನೆ: "ಡಾಕ್ಟ್ರೇ, ಕೌಂಟ್ ಎಷ್ಟಾಯ್ತು?" ಹೊಟ್ಟೆನೋವಿದೆಯಾ, ಮೂತ್ರ ಸರಿಯಾಗಿ ಹೋಗ್ತಿದೆಯಾ, ಬೆಳಿಗ್ಗೆಯಿಂದ ಏನು ಕುಡಿದಿದ್ದಾನೆ ಎಂದು ನಾನು ಕೇಳಿದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೌಂಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ಎಣಿಕೆ ಮಾತ್ರ ದಿನದಿನದ್ದೂ ಬಾಯಿಪಾಠ. ಮೊನ್ನೆ 1.10 ಲಕ್ಷ, ನಿನ್ನೆ 72 ಸಾವಿರ, ಇವತ್ತು 41 ಸಾವಿರ. ಅಷ್ಟು ಹೊತ್ತಿಗೆ ದೊಡ್ಡಪ್ಪನೋ ಮಾವನೋ ಪಪ್ಪಾಯಿ ಎಲೆ ಅರೆದು ರಸ ತಂದಿರುತ್ತಾರೆ, ಇನ್ನೊಬ್ಬರು ರಕ್ತನಿಧಿಗೆ ಫೋನ್ ಹಚ್ಚಿರುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ಕಾಳಜಿಯೆಲ್ಲ ನೋಡಬೇಕಾದ ಕಡೆ ಬಿಟ್ಟು ಬೇರೆ ಕಡೆ ನೋಡುತ್ತಿರುತ್ತದೆ. ಅದೇ ನನ್ನ ಸಂಕಟ.

ಡೆಂಗಿಯಲ್ಲಿ ಜೀವಕ್ಕೆ ಕುತ್ತು ಬರುವುದು ಹೆಚ್ಚಿನ ಸಲ ಪ್ಲೇಟ್‌ಲೆಟ್ ಇಳಿದದ್ದರಿಂದ ಅಲ್ಲ, ರಕ್ತನಾಳಗಳು ಸೋರುವುದರಿಂದ. ಸೂಕ್ಷ್ಮ ನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶವಾದ ಪ್ಲಾಸ್ಮಾ ಹೊಟ್ಟೆಗೂ ಶ್ವಾಸಕೋಶದ ಸುತ್ತಲಿಗೂ ಜಾರುತ್ತದೆ. ಒಲೆಯ ಮೇಲೆ ಮರೆತ ಸಾರಿನ ಹಾಗೆ, ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ಹರಿಯುವ ರಕ್ತ ಕಡಿಮೆಯಾದಾಗ ಕೈಕಾಲು ತಣ್ಣಗಾಗುತ್ತದೆ, ನಾಡಿ ಸಣ್ಣಗೆ ಓಡುತ್ತದೆ, ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿ ಹತ್ತಿರ ಹತ್ತಿರ ಬರುತ್ತವೆ. ಎರಡರ ಅಂತರ 20ಕ್ಕೆ ಇಳಿಯಿತೆಂದರೆ ಮಾತಾಡಿಕೊಂಡು ಕೂತಿರುವ ರೋಗಿಯೂ ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ ಜಾರುತ್ತಿದ್ದಾನೆ ಎಂದೇ ಅರ್ಥ.

ಈ ಸೋರಿಕೆಯ ಸುಳಿವು ನಿಮ್ಮ ಕೈಯಲ್ಲಿರುವ ರಿಪೋರ್ಟಿನಲ್ಲೇ ಇದೆ. ಪಿಸಿವಿ ಅಥವಾ ಹೆಮಟೋಕ್ರಿಟ್ ಎಂದು ಬರೆದ ಸಾಲು, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಎಂಬ ಲೆಕ್ಕ. ಜ್ವರದ ಮೊದಲ ದಿನಗಳಲ್ಲಿ 40 ಇದ್ದದ್ದು 48 ಆಯಿತು ಎಂದರೆ ಐದನೇ ಒಂದು ಪಾಲು ಏರಿದಂತೆ. ಅಂಥ ಏರಿಕೆಯ ಜೊತೆಗೇ ಪ್ಲೇಟ್‌ಲೆಟ್ ಸರ್ರನೆ ಇಳಿದರೆ ನಾನು ಎಚ್ಚರಗೊಳ್ಳುತ್ತೇನೆ. ಪಿಸಿವಿ ನಿಂತಲ್ಲೇ ನಿಂತು ಪ್ಲೇಟ್‌ಲೆಟ್ ಒಂದೇ ಇಳಿಯುತ್ತಿದ್ದರೆ, ರೋಗಿ ಗೆಲುವಾಗಿದ್ದರೆ, ಕಣ್ಣಿಟ್ಟು ಕಾಯುತ್ತೇನೆ. ಆದರೆ ಆ ಸಾಲನ್ನು ನನಗೆ ತೋರಿಸಿ ಕೇಳಿದ ಮನೆಯವರು ತೀರಾ ಅಪರೂಪ.

ಹೋದ ಮಳೆಗಾಲದಲ್ಲಿ ಅಕ್ಕಪಕ್ಕದ ಎರಡು ಹಾಸಿಗೆ. ಒಂದರಲ್ಲಿ ಕಾಲೇಜು ಹುಡುಗ, ಕೌಂಟ್ 24 ಸಾವಿರ. ಇಡ್ಲಿ ತಿಂದು, ಮೊಬೈಲ್ ನೋಡುತ್ತ ಕೂತಿದ್ದ. ಅವನ ತಂದೆ ದಾನಿಗಳನ್ನು ಗುಡ್ಡೆ ಹಾಕಿಕೊಂಡು ಕಾರಿಡಾರಿನಲ್ಲಿ ನಿಂತಿದ್ದರು. "ಯಜಮಾನ್ರೇ, ಇವನಿಗೆ ಈಗ ಪ್ಲೇಟ್‌ಲೆಟ್ ಬೇಡ" ಎಂದರೆ ಅವರಿಗೆ ನನ್ನ ಮೇಲೇ ಸಂಶಯ. ಪಕ್ಕದ ಹಾಸಿಗೆಯಲ್ಲಿ ಗೃಹಿಣಿ, ಕೌಂಟ್ 68 ಸಾವಿರ. ಹಿಂದಿನ ರಾತ್ರಿ ಜ್ವರ ಬಿಟ್ಟಿತ್ತು. "ನಮ್ಮೋರಿಗೆ ಪರವಾಗಿಲ್ಲ, ಕರ್ಕೊಂಡು ಹೋಗ್ತೀವಿ" ಎಂದು ಗಂಡ ಬಟ್ಟೆಬರೆ ಕಟ್ಟುತ್ತಿದ್ದರು. ಆಕೆ ಹೊಟ್ಟೆ ಹಿಡಿದುಕೊಂಡು ಮುದುಡಿದ್ದರು, ಅಂಗೈ ತಣ್ಣಗಿತ್ತು, ಪಿಸಿವಿ 49. ಆ ದಿನವೆಲ್ಲ ನಮ್ಮ ಸಿಸ್ಟರ್‌ಗಳು ಅವರ ಹಾಸಿಗೆ ಬಿಟ್ಟು ಕದಲಲಿಲ್ಲ. ಗಂಟೆಗಂಟೆಗೂ ಬಿಪಿ, ಮೂತ್ರದ ಅಳತೆ, ಅದಕ್ಕೆ ತಕ್ಕಂತೆ ಡ್ರಿಪ್ ಹೆಚ್ಚಿಸುವುದು, ಇಳಿಸುವುದು. ಆಕೆ ಚೇತರಿಸಿಕೊಂಡು ಮನೆಗೆ ಹೋದರು. ಹುಡುಗನೂ ಹೋದ, ಒಂದು ಚೀಲ ಪ್ಲೇಟ್‌ಲೆಟ್ ಹಾಕಿಸಿಕೊಳ್ಳದೆ.

ಜ್ವರ ಇಳಿಯಿತು ಎಂದರೆ ಕಾಯಿಲೆ ವಾಸಿಯಾಯಿತು ಎಂಬ ಲೆಕ್ಕ ಡೆಂಗಿಗೆ ನಡೆಯುವುದಿಲ್ಲ. ಕಾಯಿಲೆಯ 3ರಿಂದ 7ನೇ ದಿನದ ಒಳಗೆ ಜ್ವರ ಬಿಡುತ್ತದೆ. ಆ ಹೊತ್ತಿನಿಂದ 24–48 ಗಂಟೆಯೇ ಸೋರಿಕೆಯ ಕಾಲ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಸುಸ್ತು ಅಥವಾ ಚಡಪಡಿಕೆ, ನಾಲ್ಕಾರು ಗಂಟೆ ಮೂತ್ರವೇ ಇಲ್ಲದಿರುವುದು — ಇವುಗಳಲ್ಲಿ ಒಂದು ಕಂಡರೂ ಕೌಂಟ್ ಎಷ್ಟಿದೆ ಎಂದು ನೋಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಒಂದೂವರೆ ಲಕ್ಷ ಇದ್ದರೂ ಹೊರಡಿ.

ಹಾಗಾದರೆ ಪ್ಲೇಟ್‌ಲೆಟ್ ಹಾಕಿದರೆ ತಪ್ಪೇನು, ಹೇಗೂ ಒಳ್ಳೆಯದೇ ಅಲ್ಲವೇ ಎನ್ನುತ್ತಾರೆ. ಅಲ್ಲ. ಡೆಂಗಿಯ ಈ ಹಂತದಲ್ಲಿ ದೇಹ ತನ್ನ ಪ್ಲೇಟ್‌ಲೆಟ್‌ಗಳನ್ನೇ ನಾಶ ಮಾಡುತ್ತಿರುತ್ತದೆ. ಹೊರಗಿನಿಂದ ಹಾಕಿದವೂ ಬೇಗನೆ ಅದೇ ದಾರಿ ಹಿಡಿಯುತ್ತವೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೌಂಟ್ 20 ಸಾವಿರ ಅಥವಾ ಅದಕ್ಕಿಂತ ಕೆಳಗಿದ್ದ ವಯಸ್ಕ ಡೆಂಗಿ ರೋಗಿಗಳಲ್ಲಿ ಕೆಲವರಿಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಹಾಕಿದರು, ಉಳಿದವರಿಗೆ ಹಾಕಲಿಲ್ಲ. ಹಾಕಿದವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ. ಅಲರ್ಜಿಯಂಥ ತೊಂದರೆಗಳು ಮಾತ್ರ ಹೆಚ್ಚಾದವು. ಇಷ್ಟರ ಮೇಲೂ ರೋಗಿಯನ್ನು ನೋಡಿಯೇ ತೀರ್ಮಾನ ಮಾಡಬೇಕು. ಗಣನೀಯ ರಕ್ತಸ್ರಾವವಿದ್ದರೆ ಹಾಕುತ್ತೇವೆ. ಕೌಂಟ್ 10 ಸಾವಿರಕ್ಕಿಂತ ಕೆಳಗೆ ಹೋದರೆ, ಹೆರಿಗೆಯೋ ಆಪರೇಷನ್ನೋ ಎದುರಿಗಿದ್ದರೆ ಯೋಚಿಸುತ್ತೇವೆ. ಒಂದು ಚೀಲ ಪ್ಲೇಟ್‌ಲೆಟ್ ರಕ್ತನಿಧಿಯಲ್ಲಿ ಸಾಮಾನ್ಯವಾಗಿ ಐದು ದಿನವಷ್ಟೇ ಬಾಳುತ್ತದೆ. ಕೀಮೋ ತೆಗೆದುಕೊಳ್ಳುತ್ತಿರುವ ರಕ್ತ ಕ್ಯಾನ್ಸರಿನ ಮಕ್ಕಳು ಅದಕ್ಕಾಗಿಯೇ ಕಾಯುತ್ತಿರುತ್ತಾರೆ ಎಂಬುದನ್ನು ಕಾರಿಡಾರಿನಲ್ಲಿ ನಿಂತ ಆ ತಂದೆಗೂ ಹೇಳಿದ್ದೆ. ಅವರು ಸುಮ್ಮನಾದದ್ದು ಆ ಮಾತಿಗೇ.

ಪಪ್ಪಾಯಿ ಎಲೆಯ ರಸ ಕೌಂಟನ್ನು ಸ್ವಲ್ಪ ಬೇಗ ಏರಿಸಬಹುದು ಎನ್ನುವ ಸಣ್ಣ ಅಧ್ಯಯನಗಳಿವೆ. ಸೋರಿಕೆ ತಡೆಯುತ್ತದೆ, ಜೀವ ಉಳಿಸುತ್ತದೆ ಎನ್ನಲು ನಂಬುವಂಥ ಆಧಾರ ನಾನು ಕಂಡಿಲ್ಲ. ನನ್ನ ತಕರಾರು ಬೇರೆಯೇ: ಆ ಕಹಿ ಕುಡಿದು ಮಗು ವಾಂತಿ ಮಾಡಿಕೊಂಡರೆ ಅದು ರಸದ್ದೋ, ಅಪಾಯದ ಸೂಚನೆಯೋ ಎಂದು ನಾನು ಹೇಗೆ ತಿಳಿಯಲಿ? ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಕೊಡಿ. ಕಿಡ್ನಿ, ಹೃದಯದ ತೊಂದರೆಯವರಾದರೆ ಎಷ್ಟು ಕೊಡಬೇಕೆಂದು ಕೇಳಿ ಕೊಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಮೈಕೈ ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವುದು, ಸೊಂಟಕ್ಕೊಂದು ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಬೇಡವೇ ಬೇಡ. ಹೃದಯಕ್ಕೆಂದು ಆಸ್ಪಿರಿನ್ ನುಂಗುವವರ ಲೆಕ್ಕ ಬೇರೆ. ಅದನ್ನು ನೀವಾಗಿ ನಿಲ್ಲಿಸದೆ ನಿಮ್ಮ ವೈದ್ಯರನ್ನು ಆ ದಿನವೇ ಕೇಳಿ.

ಕೌಂಟ್ ಇಳಿದದ್ದೆಲ್ಲ ಡೆಂಗಿಯೂ ಅಲ್ಲ. ಮಲೆನಾಡಿನ ಅಂಚಿನಲ್ಲಿ ಕೆಲಸ ಮಾಡುವ ನನಗೆ ಇದು ದಿನನಿತ್ಯದ ತಲೆನೋವು. ಗದ್ದೆಯ ಕೆಸರಿನಲ್ಲಿ ನಿಂತು ಬಂದ ಇಲಿ ಜ್ವರ, ಮಲೇರಿಯಾ, ಕಾಡಿಗೆ ಹೋಗಿ ಉಣ್ಣೆ ಕಚ್ಚಿಸಿಕೊಂಡವರ ಮಂಗನ ಕಾಯಿಲೆ, ಎಲ್ಲದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಇಲಿ ಜ್ವರಕ್ಕೂ ಮಲೇರಿಯಾಕ್ಕೂ ಖಚಿತ ಔಷಧಿಯಿದೆ. ಕೌಂಟ್ ಏರಿಸುವ ಗಡಿಬಿಡಿಯಲ್ಲಿ ಅದನ್ನು ಕೊಡುವುದು ತಡವಾದರೆ ನಷ್ಟ ದೊಡ್ಡದು. ಆದ್ದರಿಂದ ಎಲ್ಲಿ ಕೆಲಸ ಮಾಡಿದಿರಿ, ಯಾವ ಕಾಡಿಗೆ ಹೋಗಿದ್ದಿರಿ ಎಂದು ವೈದ್ಯರು ಕೇಳಿದಾಗ ಬೇಸರಿಸದೆ ಹೇಳಿ.

ಸೋರಿಕೆಯ ಕಾಲ ದಾಟಿದ ಮೇಲೆ ಹೊರಗೆ ಜಾರಿದ ನೀರು ತಾನಾಗಿ ನಾಳಕ್ಕೆ ಮರಳುತ್ತದೆ. ಮೂತ್ರ ಧಾರಾಳವಾಗಿ ಹೋಗುತ್ತದೆ, ಹಸಿವಾಗುತ್ತದೆ, ಕೆಲವರಿಗೆ ಮೈತುಂಬ ನವೆ. ಆಗ ಡ್ರಿಪ್ ನಿಲ್ಲಿಸಲೇಬೇಕು, ಇಲ್ಲವಾದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ. "ಇನ್ನೊಂದು ಬಾಟಲ್ ಹಾಕಿ, ಶಕ್ತಿ ಬರ್ಲಿ" ಎಂದು ಒತ್ತಾಯಿಸಬೇಡಿ. ಕೌಂಟ್ ಏರಲು ಶುರುವಾಗಿ 50 ಸಾವಿರ ದಾಟಿ, ರೋಗಿ ಊಟ ಮಾಡಿ ಓಡಾಡುತ್ತಿದ್ದರೆ ಸಾಮಾನ್ಯವಾಗಿ ಮನೆಗೆ ಕಳಿಸುತ್ತೇವೆ. ಲಕ್ಷ ಆಗುವವರೆಗೆ ದಿನಕ್ಕೆರಡು ಸಲ ರಕ್ತ ತೆಗೆಸುವ ಅಗತ್ಯವಿಲ್ಲ. ಮುಂದಿನ ಪರೀಕ್ಷೆ ಯಾವಾಗ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತೇವೆ, ಆ ದಿನ ಬಂದರೆ ಸಾಕು.