ರೋಸಾ ಪಾರ್ಕ್ಸ್‌ಗೂ ಮೊದಲು ಸೀಟು ಬಿಡದವರು

ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗೊಮರಿಯಲ್ಲಿ ಕಪ್ಪು ಜನ ಸಾರಿಗೆ ಬಹಿಷ್ಕರಿಸಿದ್ದು ಯಾವಾಗ ಎಂದು ಕೇಳಿದರೆ ಓದಿಕೊಂಡವರೆಲ್ಲ 1955 ಎನ್ನುತ್ತಾರೆ. ಅದೇ ಊರಿನಲ್ಲಿ 1900ರಲ್ಲೇ ಕಪ್ಪು ಪ್ರಯಾಣಿಕರು ಟ್ರಾಮ್ ಹತ್ತದೆ ನಡೆದುಕೊಂಡೇ ಹೋಗಿದ್ದರು. 1955ರಲ್ಲಿ ಬಸ್ಸಿನ ಸೀಟು ಬಿಟ್ಟುಕೊಡದೆ ಬಹಿಷ್ಕಾರಕ್ಕೆ ಕಿಡಿ ಹಚ್ಚಿದ ರೋಸಾ ಪಾರ್ಕ್ಸ್ ಆಗಿನ್ನೂ ಹುಟ್ಟಿರಲಿಲ್ಲ. ಈ ಮೊದಲ ಅಧ್ಯಾಯವನ್ನು ಬಿಟ್ಟು ಕಥೆ ಹೇಳಿದಾಗ ಕಪ್ಪು ಜನರಿಗೆಂದೇ ಇದ್ದ ಪ್ರತ್ಯೇಕ ಬೋಗಿ, ಪ್ರತ್ಯೇಕ ಶಾಲೆಗಳೆಲ್ಲ ಗುಲಾಮಗಿರಿಯ ಕಾಲದಿಂದ ತಾನಾಗಿ ಉಳಿದು ಬಂದ ರೂಢಿ ಎನಿಸುತ್ತದೆ. ಅವು ತಾನಾಗಿ ಬಂದವಲ್ಲ. ಶಾಸನಸಭೆಗಳಲ್ಲಿ ಮತ ಹಾಕಿ ತಂದವು. ತಂದ ದಿನದಿಂದಲೇ ವಿರೋಧ ಎದುರಿಸಿದವು.

ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾಯಿತು, 1868ರಲ್ಲಿ ಸಮಾನ ನಾಗರಿಕತ್ವ ಬಂತು, 1870ರಲ್ಲಿ ಕಪ್ಪು ಗಂಡಸರಿಗೆ ಮತದಾನದ ಹಕ್ಕು ಸಿಕ್ಕಿತು. 1877ರಲ್ಲಿ ಒಕ್ಕೂಟದ ಸೇನೆ ದಕ್ಷಿಣದಿಂದ ಹಿಂದೆ ಸರಿಯಿತು, 1883ರಲ್ಲಿ ಸುಪ್ರೀಂ ಕೋರ್ಟ್ ರೈಲು, ಹೋಟೆಲುಗಳಲ್ಲಿ ಭೇದ ಮಾಡಬಾರದೆಂದಿದ್ದ 1875ರ ನಾಗರಿಕ ಹಕ್ಕುಗಳ ಕಾಯ್ದೆಯನ್ನೇ ತಳ್ಳಿಹಾಕಿತು. ಮರು ವರ್ಷ ಟೆನೆಸಿಯ ಶಿಕ್ಷಕಿ ಐಡಾ ವೆಲ್ಸ್, ತಮ್ಮನ್ನು ರೈಲಿನ ಮಹಿಳೆಯರ ಬೋಗಿಯಿಂದ ಹೊರದಬ್ಬಿದ ಕಂಪನಿಯ ವಿರುದ್ಧ ದಾವೆ ಹೂಡಿ 500 ಡಾಲರ್ ಪರಿಹಾರ ಗೆದ್ದರು. 1887ರಲ್ಲಿ ರಾಜ್ಯದ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಿರುವಿ ಹಾಕಿತು.

ನಿಜವಾದ ತಿರುವು ಲೂಸಿಯಾನಾದ್ದು. ಬಿಳಿಯರಿಗೂ ಕಪ್ಪು ಜನರಿಗೂ ರೈಲಿನಲ್ಲಿ ಬೇರೆ ಬೇರೆ ಬೋಗಿ ಇರಬೇಕೆಂಬ ಕಾಯ್ದೆ ಅಲ್ಲಿ 1890ರಲ್ಲಿ ಬಂತು. ಮುರಿದವರಿಗೆ 25 ಡಾಲರ್ ದಂಡ, ಇಲ್ಲವೇ 20 ದಿನ ಜೈಲು. ಅದರಲ್ಲೊಂದು ವಿನಾಯಿತಿಯೂ ಇತ್ತು: ಇನ್ನೊಂದು ಜನಾಂಗದ ಮಕ್ಕಳನ್ನು ನೋಡಿಕೊಳ್ಳುವ ದಾದಿಯರಿಗೆ ಕಾಯ್ದೆ ಅನ್ವಯಿಸದು. ಬಿಳಿಯರ ಮಗುವನ್ನು ಎತ್ತಿಕೊಂಡ ಕಪ್ಪು ಹೆಂಗಸು ಬಿಳಿಯರ ಬೋಗಿಯಲ್ಲಿ ಕೂರಬಹುದು, ತನ್ನದೇ ಮಗುವಿನೊಂದಿಗೆ ಕೂರುವಂತಿಲ್ಲ. ಕಾಯ್ದೆಯ ಉದ್ದೇಶವನ್ನು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ನ್ಯೂ ಆರ್ಲಿಯನ್ಸ್‌ನ ಕಪ್ಪು ಮತ್ತು ಮಿಶ್ರವರ್ಣದ ಪ್ರಮುಖರು 1891ರಲ್ಲಿ ನಾಗರಿಕರ ಸಮಿತಿ ಕಟ್ಟಿದರು. ಪತ್ರಿಕೆ ನಡೆಸುತ್ತಿದ್ದ ಲೂಯಿ ಮಾರ್ಟಿನೆ, ಬರಹಗಾರ ರೊಡಾಲ್ಫ್ ಡೆಸ್ಡೂನ್ ಅದರ ಮುಂಚೂಣಿಯಲ್ಲಿದ್ದರು. ಚಂದಾ ಎತ್ತಿದರು, ಆಲ್ಬಿಯನ್ ಟೂರ್ಜೆ ಎಂಬ ಬಿಳಿಯ ವಕೀಲರನ್ನು ಹಿಡಿದರು. ಕಾಯ್ದೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಒಬ್ಬರು ಬಂಧನಕ್ಕೊಳಗಾಗಬೇಕಿತ್ತು. ರೈಲ್ವೆ ಕಂಪನಿಯ ಜೊತೆಗೇ ಮಾತುಕತೆಯಾಯಿತು. ಹೆಚ್ಚುವರಿ ಬೋಗಿಯ ಖರ್ಚು ಕಂಪನಿಗಳಿಗೂ ಬೇಡವಾಗಿತ್ತು; ನ್ಯಾಯಪ್ರಜ್ಞೆಗಿಂತ ಲೆಕ್ಕದ ಪುಸ್ತಕವೇ ಅಲ್ಲಿ ನೆರವಿಗೆ ಬಂದಿರಬೇಕು.

1892ರ ಜೂನ್ 7ರಂದು ಹೋಮರ್ ಪ್ಲೆಸ್ಸಿ ಎಂಬ ಚಪ್ಪಲಿ ಕುಶಲಕರ್ಮಿ ಕೋವಿಂಗ್ಟನ್‌ಗೆ ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರ ಬೋಗಿಯಲ್ಲಿ ಕುಳಿತರು. ಅವರ ಮುತ್ತಾತ ಮುತ್ತಜ್ಜಿಯರ ಎಂಟು ಮಂದಿಯಲ್ಲಿ ಒಬ್ಬರಷ್ಟೇ ಆಫ್ರಿಕನ್ ಮೂಲದವರು. ನೋಡಿದವರು ಬಿಳಿಯ ಎಂದೇ ತಿಳಿಯುತ್ತಿದ್ದರು. ಕಂಡಕ್ಟರ್ ಕೇಳಿದಾಗ ತಾವು ಬಿಳಿಯರಲ್ಲ ಎಂದರು, ಏಳಲಿಲ್ಲ. ಬಂಧಿಸಿದ್ದು ಖಾಸಗಿ ಪತ್ತೇದಾರ. ಅವನನ್ನು ಗೊತ್ತುಮಾಡಿದ್ದೂ ಸಮಿತಿಯೇ! ಬೋಗಿ ಕಾಯ್ದೆ ಮುರಿದರೆನ್ನುವ ಬದಲು ಸುಮ್ಮನೆ ಗಲಭೆಯ ಆರೋಪ ಹೊರಿಸಿ ಬಿಟ್ಟುಬಿಟ್ಟರೆ ಮೊಕದ್ದಮೆಯೇ ಕೈತಪ್ಪುತ್ತಿತ್ತು.

ಮನುಷ್ಯನ ಜನಾಂಗ ಯಾವುದೆಂದು ತೀರ್ಮಾನಿಸುವ ಅಧಿಕಾರ ರೈಲಿನ ಕಂಡಕ್ಟರ್‌ಗೆ ಎಲ್ಲಿಂದ ಬಂತು ಎಂಬುದು ಟೂರ್ಜೆ ಎತ್ತಿದ ಪ್ರಶ್ನೆಗಳಲ್ಲಿ ಒಂದು. ಅದಕ್ಕೆ ನೇರ ಉತ್ತರ ಸಿಗಲೇ ಇಲ್ಲ. 1896ರ ಮೇ 18ರಂದು ಸುಪ್ರೀಂ ಕೋರ್ಟ್ 7-1ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಪ್ರತ್ಯೇಕವಾಗಿ ಕೂರಿಸುವುದು ಕೀಳೆನಿಸಿದರೆ ಅದು ಕಪ್ಪು ಜನ ತಾವೇ ಕಲ್ಪಿಸಿಕೊಂಡ ಅರ್ಥ ಎಂಬುದು ಬಹುಮತದ ವಾದ. ಭಿನ್ನಮತ ಬರೆದವರು ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ. ಕೆಂಟಕಿಯ ಗುಲಾಮ ಒಡೆಯರ ಮನೆತನದವರಾದ ಅವರು, ಸಂವಿಧಾನ ಬಣ್ಣ ನೋಡುವುದಿಲ್ಲ ಎಂದು ಬರೆದರು. ಅಂದಿನ ದೊಡ್ಡ ಪತ್ರಿಕೆಗಳಿಗೆ ಈ ತೀರ್ಪು ದೊಡ್ಡ ಸುದ್ದಿ ಎನಿಸಲಿಲ್ಲ. ಪ್ಲೆಸ್ಸಿ 1897ರ ಜನವರಿಯಲ್ಲಿ ತಪ್ಪೊಪ್ಪಿಕೊಂಡು 25 ಡಾಲರ್ ಕಟ್ಟಿದರು. ಸಮಿತಿ ಉಳಿದ ಹಣವನ್ನು ಧರ್ಮಕಾರ್ಯಗಳಿಗೆ ಹಂಚಿ ಬಾಗಿಲು ಹಾಕಿತು.

ಅಲ್ಲಿಂದ ಮುಂದೆ ಮತದ ಹಕ್ಕಿಗೇ ಕತ್ತರಿ ಬಿತ್ತು. 1896ರಲ್ಲಿ ಲೂಸಿಯಾನಾದ ಮತದಾರರ ಪಟ್ಟಿಯಲ್ಲಿ 1,30,000ಕ್ಕೂ ಹೆಚ್ಚು ಕಪ್ಪು ಹೆಸರುಗಳಿದ್ದವು. ಅಕ್ಷರಜ್ಞಾನ, ಆಸ್ತಿ, ಅಜ್ಜನಿಗೆ ಮತದ ಹಕ್ಕಿತ್ತೇ ಎಂಬ ಷರತ್ತುಗಳನ್ನು 1898ರ ರಾಜ್ಯ ಸಂವಿಧಾನ ತಂದ ಮೇಲೆ, 1904ರ ಹೊತ್ತಿಗೆ ಉಳಿದದ್ದು 1,342. ಟ್ರಾಮ್‌ಗಳಲ್ಲೂ ಪ್ರತ್ಯೇಕತೆ ಬಂದಾಗ ದಕ್ಷಿಣದ 25ಕ್ಕೂ ಹೆಚ್ಚು ನಗರಗಳಲ್ಲಿ ಬಹಿಷ್ಕಾರ ನಡೆಯಿತು. ರಿಚ್ಮಂಡ್‌ನಲ್ಲಿ ಜಾನ್ ಮಿಚೆಲ್ ತಮ್ಮ ಪತ್ರಿಕೆಯಲ್ಲಿ ನಡೆಯಿರಿ ಎಂದು ಬರೆದರು, ಜನ ನಡೆದರು. ನ್ಯಾಶ್ವಿಲ್‌ನ ಕಪ್ಪು ವ್ಯಾಪಾರಿಗಳು 1905ರಲ್ಲಿ ತಮ್ಮದೇ ಸಾರಿಗೆ ಕಂಪನಿ ತೆರೆದರು. ಟ್ರಾಮ್ ಕಂಪನಿಗಳಿಗೆ ನಷ್ಟವಾದರೂ ನಗರಸಭೆಗಳು ಕದಲಲಿಲ್ಲ. ಮತವಿಲ್ಲದವರ ಕೋಪಕ್ಕೆ ಯಾವ ಸದಸ್ಯ ಹೆದರಿಯಾನು?

ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ ಎನ್‌ಎಎಸಿಪಿ ಸಂಘಟನೆ ದಶಕಗಟ್ಟಲೆ ಒಂದೊಂದೇ ಮೊಕದ್ದಮೆ ಗೆಲ್ಲುತ್ತ ಬಂದು 1954ರ ಬ್ರೌನ್ ತೀರ್ಪು ಮುಟ್ಟಿತು. ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧ ಎಂದಿತು ಅದು, ಆದರೆ ಶಾಲೆಗಳಿಗೆ ಸಂಬಂಧಿಸಿದ ತೀರ್ಪು. ಮಾಂಟ್ಗೊಮರಿಯ ಬಸ್ಸುಗಳ ಪ್ರತ್ಯೇಕ ಸೀಟುಗಳು ಹೋಗಲು 1956ರ ಇನ್ನೊಂದು ಆದೇಶ ಬೇಕಾಯಿತು, ಹೋಟೆಲು ಚಿತ್ರಮಂದಿರಗಳ ಬಾಗಿಲು ತೆರೆಯಲು 1964ರ ಕಾಯ್ದೆ ಬೇಕಾಯಿತು. ಲೂಸಿಯಾನಾದ ಗವರ್ನರ್ ಪ್ಲೆಸ್ಸಿಗೆ ಮರಣೋತ್ತರ ಕ್ಷಮಾದಾನ ನೀಡಿದ್ದು 2022ರ ಜನವರಿಯಲ್ಲಿ. ಅಲ್ಲಿಯವರೆಗೂ ಸರ್ಕಾರಿ ದಾಖಲೆಯಲ್ಲಿ ಅವರು ಅಪರಾಧಿಯೇ ಆಗಿದ್ದರು.