ಎಂಟರ್ ಒತ್ತುವ ಮೊದಲು ಪೆನ್ಸಿಲ್ ಹಿಡಿಯಿರಿ

"ಪ್ರೋಗ್ರಾಮಿಂಗ್ ಕಲೀಬೇಕು ಸರ್, ಯಾವ ಪುಸ್ತಕ ತಗೊಳ್ಳಲಿ?" ಕೊಡಗಿನ ವಿರಾಜಪೇಟೆಯಲ್ಲಿ ಸಂಜೆ ಹೊತ್ತು ಪಾಠ ಮಾಡುವ ನನಗೆ ಮಳೆಗಾಲ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಹೆಚ್ಚು ಬರುತ್ತದೆ. ಪಿಯುಸಿ ಮುಗಿಸಿದ ಮಕ್ಕಳು ಕೇಳುತ್ತಾರೆ, ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದವರು ಕೇಳುತ್ತಾರೆ, ಕುಶಾಲನಗರದ ಕಚೇರಿಗಳಲ್ಲಿ ಎಕ್ಸೆಲ್ ಜೊತೆ ಗುದ್ದಾಡುವವರೂ ಕೇಳುತ್ತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂರನೇ ಆವೃತ್ತಿ, ಅಂದರೆ ಪೈಥಾನ್ 3 ಕಲಿಸುವ ಯಾವುದಾದರೂ ಆರಂಭಿಕ ಪುಸ್ತಕ ತಗೊಳ್ಳಿ, ಜೊತೆಗೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇಟ್ಟುಕೊಳ್ಳಿ.

ಕಂಪ್ಯೂಟರ್ ಕಲಿಯಲು ಪೆನ್ಸಿಲ್ ಯಾಕೆ ಎಂದು ಹುಬ್ಬೇರಿಸುತ್ತಾರೆ. ಕಾರಣ ಇದೆ. ಆರಂಭಿಕ ಪುಸ್ತಕಗಳು ತುಂಬಾ ಸಲೀಸಾಗಿ ಓದಿಸಿಕೊಂಡು ಹೋಗುತ್ತವೆ. ಒಂದು ಉದಾಹರಣೆ, ಅದರ ಕೆಳಗೇ ಉತ್ತರ, ಮತ್ತೊಂದು ಉದಾಹರಣೆ, ಮತ್ತೆ ಉತ್ತರ. ಕಣ್ಣು ಎರಡನ್ನೂ ಒಟ್ಟಿಗೇ ನೋಡಿಬಿಡುವುದರಿಂದ "ಅರ್ಥವಾಯಿತು" ಅನ್ನಿಸುತ್ತದೆ. ಮೂರು ಅಧ್ಯಾಯ ದಾಟಿ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಬಂದಾಗ ಖಾಲಿ ಪರದೆಯ ಮುಂದೆ ಕೈ ಓಡುವುದಿಲ್ಲ. ಅಲ್ಲಿಗೆ ಪುಸ್ತಕ ಕಪಾಟು ಸೇರುತ್ತದೆ, "ನನಗೆ ತಲೆ ಇಲ್ಲ" ಎಂಬ ತೀರ್ಮಾನವೂ ಆಗಿಬಿಡುತ್ತದೆ. ತಲೆ ಚೆನ್ನಾಗಿಯೇ ಇದೆ. ಅದಕ್ಕೆ ಕೆಲಸ ಕೊಡದೆ ಪುಟ ತಿರುವಿದ್ದಷ್ಟೇ ತೊಂದರೆ.

ಅದಕ್ಕೇ ನಾನು ಹೇಳುವುದು: ಉತ್ತರವನ್ನು ಅಂಗೈಯಿಂದ ಮುಚ್ಚಿ. ಈ ಸಾಲುಗಳು ಓಡಿದರೆ ಪರದೆಯ ಮೇಲೆ ಏನು ಬರುತ್ತದೆಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಕೋಡನ್ನು ಕಾಪಿ ಮಾಡದೆ ಕೈಯಾರೆ ಟೈಪ್ ಮಾಡಿ. ಆಮೇಲೆ ಎಂಟರ್. ನೀವು ಬರೆದದ್ದೂ ಯಂತ್ರ ಕೊಟ್ಟದ್ದೂ ಬೇರೆಯಾದರೆ ಅಲ್ಲೇ ಕೂರಿ, ಮುಂದಕ್ಕೆ ಹೋಗಬೇಡಿ. ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುವ ಹೊತ್ತಿನಲ್ಲೇ ಕಲಿಕೆ ಆಗುವುದು.

ಪುಸ್ತಕ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಉತ್ತರವನ್ನು ಪರದೆಯ ಮೇಲೆ ತೋರಿಸುವ ಪ್ರಿಂಟ್ ಎಂಬ ಪದದ ನಂತರ ಆವರಣ ಚಿಹ್ನೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಪೈಥಾನ್ 2ರ ಪುಸ್ತಕ. ಗೈಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಈ ಭಾಷೆಯ ಮೂರನೇ ಆವೃತ್ತಿ 2008ರಲ್ಲೇ ಬಂತು, ಎರಡನೆಯದಕ್ಕೆ 2020ರ ಜನವರಿ 1ಕ್ಕೆ ಬೆಂಬಲ ನಿಂತುಹೋಯಿತು. ಹಳೆಯದರಲ್ಲಿ 7ನ್ನು 2ರಿಂದ ಭಾಗಿಸಿದರೆ 3 ಬರುತ್ತಿತ್ತು, ಈಗ 3.5 ಬರುತ್ತದೆ. ಹಳೆಯ ಪುಸ್ತಕ ಹಿಡಿದು ಹೊಸ ಪೈಥಾನ್‌ನಲ್ಲಿ ಕೂತವರು ಇಂಥ ಕಡೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಗ್ರಂಥಾಲಯಗಳಲ್ಲಿ ಸಿಗುವ ಟರ್ಬೊ ಸಿ (ಸಿ ಭಾಷೆಯ ಹಳೆಯ ತಂತ್ರಾಂಶ) ಕಾಲದ ಪುಸ್ತಕಗಳದ್ದೂ ಇದೇ ಕಥೆ. ಪರದೆ ಒರೆಸುವ ಕ್ಲಿಯರ್‌ಸ್ಕ್ರೀನ್ ಆದೇಶ ಸಿ ಭಾಷೆಯ ಮಾನಕದಲ್ಲಿ ಯಾವತ್ತೂ ಇರಲಿಲ್ಲ. ಇಂದಿನ ಕಂಪೈಲರ್ (ಬರೆದದ್ದನ್ನು ಯಂತ್ರಭಾಷೆಗೆ ಬದಲಿಸುವ ತಂತ್ರಾಂಶ) ಅದನ್ನು ಒಪ್ಪದಿದ್ದರೆ ತಪ್ಪು ಓದುಗರದ್ದಲ್ಲ.

ಇನ್ನು ಲೂಪಿಗೆ ಬರೋಣ. ಹೆಚ್ಚು ಜನ ಕೈಬಿಡುವ ಜಾಗ ಇದು, ಆದ್ದರಿಂದ ಇಲ್ಲಿ ನಿಧಾನಿಸಬೇಕು.

ಪುಸ್ತಕದ ಉದಾಹರಣೆಗಳಲ್ಲಿ ಪಿಜ್ಜಾ, ಬೇಸ್‌ಬಾಲ್ ಇರುತ್ತವೆ. ನಾನು ಅವನ್ನು ತೆಗೆದು ತೋಟದ ಮಳೆ ರಿಜಿಸ್ಟರ್ ಇಡುತ್ತೇನೆ. ನಮ್ಮ ತೋಟಗಳಲ್ಲಿ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು–ಸೆಂಟ್ ಲೆಕ್ಕದಲ್ಲಿ ಬರೆದಿಡುವ ರೂಢಿ ಇದೆಯಲ್ಲ, ಒಂದು ಇಂಚಿಗೆ ನೂರು ಸೆಂಟ್. ನಾಲ್ಕು ದಿನದ ಮಳೆ 120, 0, 345, 80 ಸೆಂಟ್ ಎಂದಿಟ್ಟುಕೊಳ್ಳಿ. ಒಟ್ಟು ಎಷ್ಟು? ಪ್ರೋಗ್ರಾಂ ಹೀಗಿರುತ್ತದೆ:

ಮಳೆ = [120, 0, 345, 80]
ಒಟ್ಟು = 0
ಫಾರ್ ದಿನ ಇನ್ ಮಳೆ:
    ಒಟ್ಟು = ಒಟ್ಟು + ದಿನ
ಪ್ರಿಂಟ್(ಒಟ್ಟು)

ಓದಲು ಅನುಕೂಲವಾಗಲೆಂದು ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರಕ್ಕೆ ಕೊಡುವಾಗ ಫಾರ್, ಇನ್, ಪ್ರಿಂಟ್ ಮೂರೂ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಮಳೆ, ದಿನ, ಒಟ್ಟು ಎಂಬ ಹೆಸರುಗಳು ಮಾತ್ರ ಕನ್ನಡದಲ್ಲೇ ಇರಲಿ, ಪೈಥಾನ್ 3 ತಕರಾರಿಲ್ಲದೆ ಒಪ್ಪುತ್ತದೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಆಡುವ ಮಕ್ಕಳು ತಮ್ಮ ಮಾತಿನಲ್ಲೇ ಹೆಸರಿಟ್ಟಾಗ ಅವರ ಮುಖ ಅರಳುವುದನ್ನು ನೋಡಿದ್ದೇನೆ. ಯಾವುದು ಭಾಷೆಯ ನಿಯಮ, ಯಾವುದು ನಾವಿಟ್ಟ ಹೆಸರು ಎಂಬ ಗೊಂದಲವೂ ಅಲ್ಲೇ ಬಿಡಿಸಿಹೋಗುತ್ತದೆ.

ಈಗ ಪೆನ್ಸಿಲ್. ಎರಡು ಕಂಬಸಾಲು ಎಳೆಯಿರಿ, ಒಂದರ ತಲೆಗೆ "ದಿನ", ಇನ್ನೊಂದಕ್ಕೆ "ಒಟ್ಟು". ಲೂಪಿಗೆ ಮುಂಚೆ ಒಟ್ಟು 0. ಮೊದಲ ಸುತ್ತಿನಲ್ಲಿ ದಿನ 120, ಒಟ್ಟು 120. ಎರಡನೇ ಸುತ್ತಿನಲ್ಲಿ ದಿನ 0, ಒಟ್ಟು 120ರಲ್ಲೇ ನಿಲ್ಲುತ್ತದೆ. ಮೂರರಲ್ಲಿ 345 ಸೇರಿ 465. ನಾಲ್ಕರಲ್ಲಿ 80 ಸೇರಿ 545. ಅಂದರೆ 5 ಇಂಚು 45 ಸೆಂಟ್. ಇಂಚಿಗೆ 25.4 ಮಿಲಿಮೀಟರ್‌ನಂತೆ ಅದು 138.43 ಮಿಲಿಮೀಟರ್.

"ಒಟ್ಟು = ಒಟ್ಟು + ದಿನ" ಎಂಬ ಸಾಲು ಗಣಿತ ಕಲಿತ ಮಕ್ಕಳನ್ನು ಕಾಡುತ್ತದೆ. ಒಂದು ಸಂಖ್ಯೆ ತನಗಿಂತ ದೊಡ್ಡದಕ್ಕೆ ಸಮವಾಗುವುದು ಹೇಗೆ? ಕಂಬಸಾಲು ಬರೆದವರಿಗೆ ಆ ಪ್ರಶ್ನೆ ಉಳಿಯುವುದಿಲ್ಲ. ಬಲಗಡೆಯ ಲೆಕ್ಕ ಮೊದಲು ಮುಗಿಯುತ್ತದೆ, ಬಂದ ಉತ್ತರವನ್ನು ಎಡಗಡೆಯ ಹೆಸರಿಗೆ ಕಟ್ಟಲಾಗುತ್ತದೆ, ಹಳೆಯ ಬೆಲೆ ಹೊಡೆದುಹೋಗುತ್ತದೆ. ಪೆನ್ಸಿಲ್‌ನಲ್ಲಿ 120 ಹೊಡೆದು 465 ಬರೆಯುವಾಗ ಕೈ ಮಾಡುವುದೂ ಅದನ್ನೇ.

ಇಷ್ಟಾದ ಮೇಲೆ ಪ್ರೋಗ್ರಾಮನ್ನು ಬೇಕೆಂದೇ ಕೆಡಿಸಿ. "ಒಟ್ಟು = 0" ಎಂಬ ಸಾಲನ್ನು ಲೂಪಿನ ಒಳಗೆ ಸರಿಸಿ ಏನಾಗುತ್ತದೆಂದು ಊಹಿಸಿ. ಪ್ರತಿ ಸುತ್ತಿನಲ್ಲೂ ಒಟ್ಟು ಸೊನ್ನೆಗೆ ಬಂದು, ಆ ದಿನದ ಮಳೆಯಷ್ಟೇ ಉಳಿಯುತ್ತದೆ. ಕೊನೆಗೆ ಪರದೆಯ ಮೇಲೆ 80. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ, ಸದ್ದಿಲ್ಲದೆ ತಪ್ಪು ಉತ್ತರ. ಕೆಲಸದ ಜಾಗದಲ್ಲಿ ನಾವು ಹೆದರುವುದು ಇಂಥ ತಪ್ಪಿಗೇ. ಮೊದಲೇ 545 ಎಂದು ಬರೆದುಕೊಂಡವರ ಕೈಗೆ ಇದು ಕೂಡಲೇ ಸಿಕ್ಕಿಬೀಳುತ್ತದೆ, ಉಳಿದವರು 80ನ್ನೇ ನಂಬಿ ಮುಂದೆ ಹೋಗುತ್ತಾರೆ. ಪ್ರಿಂಟ್ ಸಾಲನ್ನೂ ನಾಲ್ಕು ಜಾಗ ಒಳಗೆ ತಳ್ಳಿ ನೋಡಿ. ಒಂದು ಉತ್ತರದ ಬದಲು ನಾಲ್ಕು ಬರುತ್ತವೆ. ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ ಎಂದು ಪುಸ್ತಕ ಪುಟಗಟ್ಟಲೆ ಹೇಳುವುದನ್ನು ಈ ಒಂದು ತಳ್ಳುವಿಕೆ ತೋರಿಸಿಕೊಡುತ್ತದೆ.

ಸೆಂಟ್ ಲೆಕ್ಕದಲ್ಲಿ ಇನ್ನೊಂದು ಲಾಭವಿದೆ. ಪೈಥಾನ್‌ಗೆ 0.1 + 0.2 ಎಷ್ಟೆಂದು ಕೇಳಿದರೆ 0.30000000000000004 ಎನ್ನುತ್ತದೆ. ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತದೆ, ಹತ್ತನೇ ಒಂದು ಭಾಗ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಇಂಚನ್ನು ದಶಮಾಂಶದಲ್ಲಿ ಕೂಡಿಸುವ ಬದಲು ಸೆಂಟ್‌ಗಳನ್ನು ಪೂರ್ಣಾಂಕವಾಗಿ ಕೂಡಿಸಿ, ಕೊನೆಯಲ್ಲಿ ಮಾತ್ರ ನೂರರಿಂದ ಭಾಗಿಸಿದರೆ ಈ ರಗಳೆ ಇಲ್ಲ. ದುಡ್ಡಿನ ಲೆಕ್ಕವನ್ನು ಪೈಸೆಯಲ್ಲಿ ಇಡುವುದೂ ಇದೇ ಕಾರಣಕ್ಕೆ.

ಬಳಕೆದಾರರಿಂದ ಸಂಖ್ಯೆ ಕೇಳುವ ಇನ್‌ಪುಟ್ ಅಧ್ಯಾಯದಲ್ಲಿ ಒಂದೇ ಗುಂಡಿ, ಆದರೆ ಎಲ್ಲರೂ ಬೀಳುವ ಗುಂಡಿ. ಕೀಲಿಮಣೆಯಿಂದ ಬಂದದ್ದು ಪೈಥಾನ್‌ಗೆ ಯಾವಾಗಲೂ ಅಕ್ಷರಮಾಲೆ (ಸ್ಟ್ರಿಂಗ್), ಅಂದರೆ ಬರೀ ಅಕ್ಷರಗಳ ಸಾಲು, ಸಂಖ್ಯೆಯಲ್ಲ. 120 ಮತ್ತು 345 ಕೊಟ್ಟು ಕೂಡಿಸಿದರೆ 120345 ಬರುತ್ತದೆ. ಐವತ್ತು ಕಿಲೋ ಚೀಲ ಮೂರಿದ್ದರೆ ಎಷ್ಟೆಂದು 50ನ್ನು 3ರಿಂದ ಗುಣಿಸಿದರೆ 505050. ಇಂಟ್ ಎಂಬ ಆದೇಶ ಬಳಸಿ ಪೂರ್ಣಾಂಕವಾಗಿ ಬದಲಿಸಿಕೊಂಡರೆ ಸರಿಹೋಗುತ್ತದೆ.

ಅಕ್ಷರಮಾಲೆಯ ಅಧ್ಯಾಯಕ್ಕೆ ಬಂದಾಗ ಕನ್ನಡ ಓದುಗರು ದಯವಿಟ್ಟು ಕನ್ನಡದಲ್ಲೇ ಆಡಿ ನೋಡಿ. "ಮಡಿಕೇರಿ" ಎಂಬುದರ ಉದ್ದ ಎಷ್ಟು? ನಾಲ್ಕು ಎಂದು ಬರೆದುಕೊಳ್ಳುತ್ತೀರಿ, ಪೈಥಾನ್ 7 ಎನ್ನುತ್ತದೆ. ಕಂಪ್ಯೂಟರ್‌ನಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಅದಕ್ಕೆ ಹತ್ತುವ ಗುಣಿತ ಚಿಹ್ನೆಗೆ ಇನ್ನೊಂದು. ಮ ಒಂದು, ಡಿ ಎರಡು, ಕೇ ಎರಡು, ರಿ ಎರಡು. ಪುಸ್ತಕ ಕೊಟ್ಟ "ಪದವನ್ನು ತಿರುಗಿಸಿ" ಎಂಬ ಅಭ್ಯಾಸವನ್ನು ಇದೇ ಪದದ ಮೇಲೆ ಮಾಡಿದರೆ ಮೊದಲಿಗೆ ಒಂಟಿ ಗುಡಿಸು, ಆಮೇಲೆ "ರೇಕಿಡಮ". ಕಡೆಯ ಗುಣಿತ ಯಾವ ಅಕ್ಷರಕ್ಕೂ ಅಂಟದೆ ಮುಂದೆ ಬಂದು ನಿಂತಿರುತ್ತದೆ. ಇಂಗ್ಲಿಷ್ ಪದಗಳಲ್ಲಿ ಮಾತ್ರ ಅಭ್ಯಾಸ ಮಾಡಿದವರಿಗೆ ಈ ಒಳರಚನೆ ಕಾಣುವುದೇ ಇಲ್ಲ. ಕನ್ನಡದಲ್ಲಿ ತಂತ್ರಾಂಶ ಮಾಡುವವರು ಬೇಕೆಂದು ಆಸೆಪಡುವ ನನಗೆ ಈ ಅಭ್ಯಾಸದ ಮೇಲೆ ತುಸು ಹೆಚ್ಚೇ ಅಕ್ಕರೆ.

ಇಂಗ್ಲಿಷ್ ಭಯದ ಬಗ್ಗೆ ಒಂದೇ ಮಾತು. ಪೈಥಾನ್ ತನಗೆಂದು ಕಾಯ್ದಿಟ್ಟುಕೊಂಡ ಪದಗಳು 35. ಇಫ್, ಎಲ್ಸ್, ಆಂಡ್, ಆರ್, ನಾಟ್ ಎಸ್ಸೆಸ್ಸೆಲ್ಸಿ ಓದಿದ ಯಾರಿಗೂ ಹೊಸವಲ್ಲ. ಎರರ್ ಬಂದಾಗ ಕೊನೆಯ ಸಾಲನ್ನು ಮೊದಲು ಓದಿ, ತಪ್ಪಿನ ಹೆಸರು ಅಲ್ಲಿರುತ್ತದೆ. ಆಮೇಲೆ ಮೇಲಕ್ಕೆ ಹೋಗಿ ಎಷ್ಟನೇ ಸಾಲು ಎಂದು ನೋಡಿ. ಆವರಣ ಮುಚ್ಚದೆ ಬಿಟ್ಟರೆ ಹಳೆಯ ಆವೃತ್ತಿಗಳು ಅದರ ಮುಂದಿನ ಸಾಲನ್ನು ತೋರಿಸುತ್ತಿದ್ದವು, 3.10ರಿಂದ ಈಚೆಗೆ ಯಾವ ಆವರಣ ಮುಚ್ಚಿಲ್ಲ ಎಂದೇ ಹೇಳುತ್ತದೆ. ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಸಾಲುಗಳ ಗುಂಪು) ಅಧ್ಯಾಯದಲ್ಲಿ ರಿಟರ್ನ್ ಮತ್ತು ಪ್ರಿಂಟ್ ಒಂದೇ ಎಂದು ತಿಳಿಯುವುದು ಸಾಮಾನ್ಯ. ಕಾಫಿ ಲೆಕ್ಕವನ್ನೇ ತಗೊಳ್ಳಿ. ಐವತ್ತು ಕಿಲೋ ಒಣ ಚೆರಿ ಚೀಲದಿಂದ ಸಿಗುವ ಬೇಳೆಯ ತೂಕ ಔಟ್‌ಟರ್ನ್. ಚೀಲ 10, ಔಟ್‌ಟರ್ನ್ 26, ಬೇಳೆಯ ದರ ಕಿಲೋಗೆ 400 ರೂಪಾಯಿ ಎಂದು ಇಟ್ಟುಕೊಂಡರೆ 260 ಕಿಲೋ ಬೇಳೆ, 1,04,000 ರೂಪಾಯಿ. ಈ ಮೊತ್ತವನ್ನು ಫಂಕ್ಷನ್ ಪ್ರಿಂಟ್ ಮಾತ್ರ ಮಾಡಿದರೆ ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಎರಡು ತೋಟಗಳ ಮೊತ್ತ ಕೂಡಿಸಲು ಹೊರಟಾಗ ಟೈಪ್‌ಎರರ್, ಅಂದರೆ ಕೂಡಿಸಲಾಗದ ಬಗೆಯದ್ದನ್ನು ಕೂಡಿಸಲು ಹೊರಟ ತಪ್ಪು. ಫಂಕ್ಷನ್ ತೋರಿಸಿತೇ ಹೊರತು ಕೈಗೆ ಏನೂ ಕೊಡಲಿಲ್ಲ, ಪೈಥಾನ್ ಅದನ್ನು ನನ್ (None, ಅಂದರೆ ಏನೂ ಇಲ್ಲ) ಎಂದು ಬರೆದುಕೊಂಡಿತು. ರಿಟರ್ನ್ ಹಾಕಿದರೆ ಆ ಸಂಖ್ಯೆ ಮುಂದಿನ ಲೆಕ್ಕಕ್ಕೆ ಸಿಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಪುಸ್ತಕ ಹಿಡಿದು ಕಲಿಯಿರಿ ಎಂದು ಹೇಳಲು ಇನ್ನೂ ಒಂದು ಕಾರಣವಿದೆ. ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಭಾಗಮಂಡಲ, ನಾಪೋಕ್ಲು, ಶ್ರೀಮಂಗಲದ ಕಡೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುವುದೋ ಹೇಳಲಾಗದು, ಟವರ್ ಕೂಡ ಅದರ ಹಿಂದೆಯೇ ಹೋಗುತ್ತದೆ. ವಿಡಿಯೋ ಪಾಠ ನಂಬಿದವರ ಕಲಿಕೆ ಅಲ್ಲಿಗೆ ನಿಲ್ಲುತ್ತದೆ. ಪುಸ್ತಕ, ನೋಟ್‌ಬುಕ್ ಇದ್ದವರು ಕಂಬಸಾಲು ಎಳೆದು ಐದಾರು ಪ್ರೋಗ್ರಾಂಗಳನ್ನು ಕೈಯಲ್ಲೇ ಓಡಿಸಬಹುದು. ನನ್ನ ಬಳಿ ಬರುವವರಲ್ಲಿ ಲೂಪ್ ಗಟ್ಟಿಯಾದವರು ಹೆಚ್ಚಿನಂಶ ಹೀಗೆ ಕರೆಂಟಿಲ್ಲದ ಹೊತ್ತಿನಲ್ಲಿ ಕೂತು ಬರೆದವರೇ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ದರೆ ನೆಟ್ ಬೇಕಾಗಿಯೂ ಇಲ್ಲ. ಪೈಥಾನ್ ಜೊತೆಗೇ ಐಡಲ್ ಎಂಬ ಬರೆಯುವ ಕಿಟಕಿ ಬರುತ್ತದೆ, ಹೆಲ್ಪ್ ಆದೇಶ ನೆಟ್ ಇಲ್ಲದೆಯೂ ಉತ್ತರ ಕೊಡುತ್ತದೆ.

ಎಐ ಕೇಳಿದರೆ ತಪ್ಪೇ ಎಂದು ಈಗ ಎಲ್ಲರೂ ವಿಚಾರಿಸುತ್ತಾರೆ. ನಿಮ್ಮ ಊಹೆ ಬರೆದ ಮೇಲೆ, ಯಂತ್ರದ ಉತ್ತರ ನೋಡಿದ ಮೇಲೆ, ಎರಡಕ್ಕೂ ಯಾಕೆ ವ್ಯತ್ಯಾಸ ಎಂದು ಕೇಳಿ. ಅದಕ್ಕೂ ಮುಂಚೆ ಕೇಳಿದರೆ ಮುಚ್ಚಿದ ಅಂಗೈಯನ್ನು ನೀವೇ ತೆಗೆದಂತೆ.

ಲಿಸ್ಟ್ (ಪಟ್ಟಿ), ಡಿಕ್ಷನರಿ (ಹೆಸರು–ಬೆಲೆ ಜೋಡಿಗಳು), ಫಂಕ್ಷನ್, ಫೈಲ್ ಇಷ್ಟು ಮುಗಿದರೆ ಪುಸ್ತಕವನ್ನು ಪಕ್ಕಕ್ಕಿಡಬಹುದು. ಉಳಿದ ಅಧ್ಯಾಯಗಳು ಬೇಕಾದಾಗ ಸಿಗುತ್ತವೆ. ಮನೆಯ ಮಳೆ ರಿಜಿಸ್ಟರ್‌ನ ಒಂದು ವರ್ಷವನ್ನು ಎಕ್ಸೆಲ್‌ನಲ್ಲಿ ತುಂಬಿಸಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಕಡತ) ಆಗಿ ಉಳಿಸಿ. ತಿಂಗಳವಾರು ಒಟ್ಟು ತೆಗೆಯಿರಿ, ಕಾಫಿ ಹೂ ಅರಳಿಸುವ ಮಾರ್ಚ್–ಏಪ್ರಿಲ್‌ನ ಹೂಮಳೆ ಯಾವ ದಿನ ಒಂದು ಇಂಚು ದಾಟಿತೆಂದು ಹುಡುಕಿ. ಓಡಿಸಿದ ಕೂಡಲೇ ಬಹುಶಃ ವ್ಯಾಲ್ಯೂಎರರ್ ಬರುತ್ತದೆ, ಏಕೆಂದರೆ ರಿಜಿಸ್ಟರ್‌ನಲ್ಲಿ ಅಲ್ಲಲ್ಲಿ ಖಾಲಿ ಮನೆಗಳಿರುತ್ತವೆ, ಖಾಲಿಯನ್ನು ಇಂಟ್ ಸಂಖ್ಯೆಯಾಗಿಸಲಾರದು. ಅವಸರದಲ್ಲಿ ಅಲ್ಲೆಲ್ಲ ಸೊನ್ನೆ ತುಂಬಬೇಡಿ. ಅಂದು ಮಳೆಯೇ ಬರಲಿಲ್ಲವೋ, ಮಾಪಕ ನೋಡುವವರು ಇರಲಿಲ್ಲವೋ ಎಂದು ರಿಜಿಸ್ಟರ್ ಬರೆಯುವವರನ್ನು ಕೇಳಿ, ಅವರು ಹೇಳಿದ್ದನ್ನು ಪ್ರೋಗ್ರಾಂನ ಆ ಸಾಲಿನ ಪಕ್ಕದಲ್ಲೇ ಟಿಪ್ಪಣಿಯಾಗಿ ಬರೆದಿಡಿ.