ಅಂಕಿ ಎರಡೆರಡಾಗಿ ಕಾಣುವ ನಾಣ್ಯ: ಟಂಕಸಾಲೆಯ ತಪ್ಪೋ, ಪೆಟ್ಟು ತಿಂದದ್ದೋ?

ಪ್ರಶ್ನೆ: ಚಿಲ್ಲರೆ ಎಣಿಸುವಾಗ ಒಂದು ವಿಚಿತ್ರ ನಾಣ್ಯ ಸಿಕ್ಕಿತು. ಇಸವಿಯ ಅಂಕಿಗಳು ಎರಡೆರಡಾಗಿ ಕಾಣುತ್ತವೆ, ಅಂಚಿನಲ್ಲಿ ಒಂದು ಚೂರು ಇಲ್ಲ. ಇದು ಎರರ್ ಕಾಯಿನ್ನಾ, ಇಲ್ಲ ಸುಮ್ನೆ ಹಾಳಾದದ್ದಾ?

ಉತ್ತರ: ಬೇಸರದ ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ನಾಣ್ಯಗಳಲ್ಲಿ ಜಾಸ್ತಿ ಪಾಲು ಪೆಟ್ಟು ತಿಂದವೇ. ಆದರೂ ನಿಮ್ಮದನ್ನು ಎಸೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಣ್ಯ ತಯಾರಾಗುವಾಗ ಯಾವ ಹಂತದಲ್ಲಿ ಹೀಗಾಗಿರಬಹುದು? ಯಾವ ಹಂತಕ್ಕೂ ಹೊಂದದಿದ್ದರೆ, ಅದು ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಆದದ್ದು.

ಹಂತಗಳು ಹೆಚ್ಚೇನಿಲ್ಲ. ಲೋಹದ ಉದ್ದನೆ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಯ ಅಂಚನ್ನು ಸುತ್ತಲೂ ಒತ್ತಿ ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಅದು ಎರಡು ಅಚ್ಚುಗಳ ನಡುವೆ ಬಂದು ಕೂರುತ್ತದೆ. ಸುತ್ತ ಕಾಲರ್ ಅನ್ನುವ ಉಕ್ಕಿನ ಬಳೆ. ಅಚ್ಚು ಬಿದ್ದಾಗ ಲೋಹ ಹಿಟ್ಟಿನ ಹಾಗೆ ಹರಿದು ಅಚ್ಚಿನ ತಗ್ಗುಗಳನ್ನು ತುಂಬುತ್ತದೆ. ಅಂದರೆ ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುತ್ತದೆ.

ಈ ಉಬ್ಬು-ತಗ್ಗಿನ ಲೆಕ್ಕ ಅರ್ಧ ಗೊಂದಲ ಬಗೆಹರಿಸುತ್ತದೆ. ಅಚ್ಚಿನಲ್ಲಿ ಬಿರುಕು ಬಿಟ್ಟಿದ್ದರೆ ಆ ಬಿರುಕಿಗೂ ಲೋಹ ನುಗ್ಗಿ, ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬಿದ ಗೆರೆ ಮೂಡುತ್ತದೆ. ಗೆರೆ ಒಳಕ್ಕೆ ಇಳಿದಿದ್ದು, ಅದರ ಪಕ್ಕಕ್ಕೆ ಲೋಹ ಒತ್ತರಿಸಿಕೊಂಡಿದ್ದರೆ? ಅದು ಬಹುಪಾಲು ಗೀಚು, ಅಷ್ಟೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಬೆಳಕು ಮಾತ್ರ ಪಕ್ಕದಿಂದ ಬೀಳಲಿ, ಮೇಲಿಂದ ಬಿದ್ದರೆ ಉಬ್ಬೂ ತಗ್ಗೂ ಒಂದೇ ಥರ ಕಾಣುತ್ತವೆ.

ಈಗ ನಿಮ್ಮ ಎರಡೆರಡು ಅಂಕಿಗಳ ವಿಷಯ. ಜನ ಜಾಸ್ತಿ ಎಡವುವುದು ಇಲ್ಲೇ. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಸ್ವಲ್ಪ ಸರಿದು ಎರಡು ಸಲ ಮೂಡಿದ್ದರೆ ಅದು ಡಬಲ್ಡ್ ಡೈ. ಅಂಥ ಅಚ್ಚಿನಿಂದ ಬಂದ ನಾಣ್ಯದಲ್ಲಿ ಎರಡು ಅಂಕಿಗಳೂ ಗುಂಡಗೆ ಉಬ್ಬಿರುತ್ತವೆ, ಅಕ್ಷರದ ತುದಿಗಳು ಸೀಳಿದ ಹಾಗೆ ಕಾಣುತ್ತವೆ. ಅಮೆರಿಕದ 1955ರ ಒಂದು ಸೆಂಟ್ ನಾಣ್ಯ ಇದಕ್ಕೆ ಹೆಸರುವಾಸಿ. ಇಸವಿ ಮತ್ತು ಅಕ್ಷರಗಳು ಎಷ್ಟು ಸರಿದಿವೆ ಅಂದರೆ, ನೋಡುವವರಿಗೆ ತಮ್ಮ ಕಣ್ಣೇ ಮಂಜಾಯಿತೇನೋ ಅನ್ನಿಸಬೇಕು.

ಇನ್ನೊಂದು ಬಗೆಯಲ್ಲಿ ಅಚ್ಚು ಸಡಿಲವಾಗಿರುತ್ತದೆ. ಏಟು ಬಿದ್ದ ಕ್ಷಣದಲ್ಲೇ ಅಲುಗಿ, ಆಗ ತಾನೇ ಎದ್ದ ಅಂಕಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಆಗ ಎರಡನೆಯ ಅಂಕಿ ಅಂತ ಕಾಣುವುದು ಮೆಟ್ಟಿಲಿನ ಹಾಗೆ ಚಪ್ಪಟೆ. ಮೂಲ ಅಂಕಿ ದಪ್ಪಗಾಗಿರುವುದಿಲ್ಲ, ಸವೆಸಿದ ಹಾಗೆ ತೆಳ್ಳಗಾಗಿರುತ್ತದೆ. ತಮಾಷೆ ಏನೆಂದರೆ ಇದೂ ಟಂಕಸಾಲೆಯೊಳಗೇ ಆದದ್ದು, ಆದರೆ ಸಂಗ್ರಾಹಕರು ಇದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. 1955ರ ಅದೇ ಸೆಂಟಿನಲ್ಲಿ ಸವೆದ ಅಚ್ಚಿನಿಂದ ಕೊನೆಯ 5 ಮಾತ್ರ ಎರಡಾಗಿ ಕಾಣುವ ನಾಣ್ಯಗಳೂ ಇವೆ. ಅವಕ್ಕೆ ‘ಬಡವರ ಡಬಲ್ಡ್ ಡೈ’ ಅಂತಲೇ ಹೆಸರು!

ಇನ್ನು ಅಂಚು. ಕತ್ತರಿಸುವ ಯಂತ್ರ ಆಗಲೇ ತೂತಾದ ಜಾಗದ ಮೇಲೆ ಸ್ವಲ್ಪ ಬಿದ್ದರೆ, ಬಿಲ್ಲೆ ಹಲ್ಲಿನಿಂದ ಕಚ್ಚಿದ ಹಾಗೆ ಕಮಾನಾಗಿ ಕಡಿಮೆಯಾಗುತ್ತದೆ. ಆಮೇಲೆ ಅದಕ್ಕೆ ಅಚ್ಚು ಬೀಳುವುದರಿಂದ, ಕಚ್ಚಿದ ಜಾಗದ ಹತ್ತಿರದ ಅಕ್ಷರಗಳು ಎಳೆದ ಹಾಗೆ, ಕೆಲವು ಸಲ ಮಾಸಿದ ಹಾಗೆ ಇರುತ್ತವೆ. ಅದರ ನೇರ ಎದುರು ಬದಿಯ ಅಂಚನ್ನೂ ನೋಡಿ. ಅಂಚು ಎತ್ತರಿಸುವಾಗ ಈ ಕಡೆ ಒತ್ತಲು ಲೋಹವೇ ಇರಲಿಲ್ಲ, ಅಲ್ವಾ? ಹಾಗಾಗಿ ಆ ಕಡೆಯೂ ಒತ್ತಡ ಸಾಲದೆ ಅಂಚು ಹೆಚ್ಚಾಗಿ ಪೇಲವವಾಗಿರುತ್ತದೆ. ಅರದಿಂದ ಉಜ್ಜಿದವರಿಗೆ ಇದೆಲ್ಲ ಹೊಳೆಯುವುದಿಲ್ಲ. ಅವರ ನಾಣ್ಯದಲ್ಲಿ ಅಕ್ಷರ ಕತ್ತಿಯಿಂದ ಕಡಿದಂತೆ ಥಟ್ಟನೆ ನಿಂತಿರುತ್ತದೆ, ಎದುರು ಬದಿ ಗಟ್ಟಿಮುಟ್ಟಾಗಿರುತ್ತದೆ.

ನಾನೂ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಹೊಸದಾಗಿ ಬಿದ್ದ ನಾಣ್ಯ ಅಚ್ಚಿಗೆ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಮೇಲೆ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ಒಳಕ್ಕೆ ಒತ್ತಿಕೊಂಡು ಮೂಡುತ್ತದೆ. ಬ್ರೋಕೇಜ್ ಅನ್ನುತ್ತಾರೆ. ಅಂಥದ್ದೊಂದು ನನಗೆ ಸಿಕ್ಕಿತು ಅಂತ ಹತ್ತಿಯಲ್ಲಿ ಸುತ್ತಿಟ್ಟಿದ್ದೆ. ಗೊತ್ತಿದ್ದವರೊಬ್ಬರು ಮಸೂರ ಹಿಡಿದು, “ತಿರುಗಿದ ಅಕ್ಷರದ ಕೆಳಗೆ ಇದರದ್ದೇ ಅಕ್ಷರ ಚಪ್ಪಟೆಯಾಗಿ ಕೂತಿದೆ ನೋಡಿ” ಅಂದರು. ಹೌದು, ಇತ್ತು. ಯಾರೋ ಎರಡು ನಾಣ್ಯಗಳನ್ನು ವೈಸ್‌ನಲ್ಲಿ ಸಿಕ್ಕಿಸಿ ಬಿಗಿದಿದ್ದರು. ಪೂರ್ತಿ ಬ್ರೋಕೇಜ್ ಆಗಿದ್ದರೆ ಆ ಬದಿಗೆ ಅದರದ್ದೇ ಆದ ಉಬ್ಬು ಚಿತ್ರ ಇರುತ್ತಲೇ ಇರಲಿಲ್ಲ.

ಬಣ್ಣ ಬೇರೆ ಇದ್ದರೆ ತಕ್ಕಡಿ ಮತ್ತು ಅಯಸ್ಕಾಂತ ತನ್ನಿ. ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ 1943ರಲ್ಲಿ ಅಮೆರಿಕ ಸೆಂಟುಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿತು. ತಪ್ಪಿ ಕೆಲವು ಮಾತ್ರ ಕಂಚಿನ ಬಿಲ್ಲೆಯ ಮೇಲೆ ಬಿದ್ದವು. ಉಕ್ಕಿನದಕ್ಕೇ ತಾಮ್ರದ ಲೇಪ ಕೊಟ್ಟು ಮೋಸ ಮಾಡುವವರಿಗೆ ಬರವಿಲ್ಲ. ಅಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೆ ಮುಗಿಯಿತು. ಅಂಟದಿದ್ದರೂ ಕುಣಿಯಬೇಡಿ, 1948ರ 8ನ್ನು ಕೆತ್ತಿ 3 ಮಾಡಿದವೂ ಇವೆ.

ನಿಮ್ಮ ನಾಣ್ಯದಲ್ಲಿ ಒಂದು ಸುಳಿವು ಇದೆ: ಎರಡೆರಡು ಅಂಕಿಗಳು ಮತ್ತು ಚೂರು ಹೋದ ಅಂಚು ಅಕ್ಕಪಕ್ಕದಲ್ಲೇ ಇವೆಯಾ? ಹಾಗಿದ್ದರೆ ಒಂದೇ ಪೆಟ್ಟಿಗೆ ಎರಡೂ ಆಗಿರಬಹುದು. ದೂರ ದೂರ ಇದ್ದರೆ, ಮಸೂರದಲ್ಲಿ ಮೊದಲು ಆ ಅಂಕಿಯ ಅಂಚು ಗುಂಡಗಿದೆಯಾ, ಮೆಟ್ಟಿಲಿನ ಹಾಗಿದೆಯಾ ನೋಡಿ. ಅದಕ್ಕೂ ಮುಂಚೆ ಹುಣಸೆಹಣ್ಣು, ಪುಡಿ ಅಂತ ಹಾಕಿ ತಿಕ್ಕಲು ಮಾತ್ರ ಹೋಗಬೇಡಿ. ಅಸಲಿಯಾಗಿದ್ದರೂ ಅದರ ಬೆಲೆಯನ್ನು ನೀವೇ ಉಜ್ಜಿ ತೆಗೆದ ಹಾಗಾಗುತ್ತದೆ.